ಕೆಮ್ಮಣ್ಣು ಓದುವ ಲೊಸಾಲಿನೆ

ಸೋಮವಾರ ಬೆಳಗಿನ ಜಾವ ಐದೂವರೆ. ವೈಲೋಟು ಊರಿನ ಹಂದಿಗಳಿಗೂ ಇನ್ನೂ ಸರಿಯಾಗಿ ಎಚ್ಚರವಾಗಿಲ್ಲ. ಲೊಸಾಲಿನೆ ಮಾತ್ರ ಉಟ್ಟ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಹಿತ್ತಲಿನ ದೀವಿಹಲಸಿನ ಮರದ ಕೆಳಗೆ ತೊಟ್ಟಿಯ ಮುಂದೆ ನಿಂತಿದ್ದಾಳೆ. ತೊಟ್ಟಿಯ ಬಾಯಿಗೆ ಮುಚ್ಚಿದ ತಗಡು, ತಗಡಿನ ಮೇಲೊಂದು ಕಲ್ಲು. ಕಲ್ಲನ್ನು ಕೆಳಗಿಟ್ಟು, ತಗಡು ಸರಿಸಿ, ತಣ್ಣಗಿನ ನೀರಿಗೆ ಮೊಣಕೈವರೆಗೆ ಕೈ ಹಾಕಿ ಮೊದಲು ಸಿಕ್ಕ ಜೆರ್ಸಿಯನ್ನು ಮೇಲೆತ್ತುತ್ತಾಳೆ. ಎಂಟನೇ ನಂಬರಿನದು.

ಎತ್ತಿದವಳು ಹಾಗೇ ನೆಲಕ್ಕೆ ಕುಕ್ಕರಿಸುತ್ತಾಳೆ.

ಬೆಳ್ಳಗಿರಬೇಕಾದ ಜೆರ್ಸಿ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದೆ. ಮಣ್ಣಿನ ಕಲೆಯಲ್ಲ ಅದು. ಕಾಲರಿನಿಂದ ಕೆಳಗಿನ ಅಂಚಿನವರೆಗೆ ಒಂದೇ ಸಮ ಕಂದು. ಇನ್ನೊಂದು ಎತ್ತುತ್ತಾಳೆ, ಮತ್ತೊಂದು ಎತ್ತುತ್ತಾಳೆ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಹಾಗೇ.

"ಏನೇ ಅದು, ತೊಟ್ಟಿಗೆ ಇಲಿ ಬಿದ್ದಿದೆಯಾ?" ಎಂದು ಗಂಡ ಟೆವಿಟಾ ಒಳಗಿನಿಂದಲೇ ಕೇಳುತ್ತಾನೆ.

"ಇಲಿ ಬಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು!"

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ವೈಲೋಟುವಿನ ಕಾನಹೆ ಕ್ಲಬ್ಬು ಪಕ್ಕದ ಫಾಂಗಾಲೆ ಊರಿನ ಮೇಲೆ ಆಡಬೇಕು. ಸೋಮವಾರವಾದರೂ ರಜೆ, ಹಾಗಾಗಿ ಇವತ್ತಿಗೆ ಇಟ್ಟಿದ್ದಾರೆ. ಗೆದ್ದವರು ಒಂದನೇ ದರ್ಜೆಗೆ. ಹನ್ನೊಂದು ವರ್ಷದಿಂದ ಕಾನಹೆ ಎರಡನೇ ದರ್ಜೆಯಲ್ಲೇ ಹೂತುಕೊಂಡು ಕೂತಿದೆ. ಟೋಂಗಾದಲ್ಲಿ ರಗ್ಬಿ ಎಂದರೆ ಊರಿನ ಮಾನದ ಪ್ರಶ್ನೆ, ಅದರಲ್ಲೂ ಎದುರಿಗೆ ಫಾಂಗಾಲೆ. ಕ್ಲಬ್ಬಿಗೆ ಇರುವುದು ಒಂದೇ ಸೆಟ್ಟು ಜೆರ್ಸಿ. ಅದಷ್ಟೂ ಈಗ ಲೊಸಾಲಿನೆಯ ಹಿತ್ತಲಲ್ಲಿ ಚಹಾ ಬಣ್ಣದಲ್ಲಿ ತೊಟ್ಟಿಕ್ಕುತ್ತಿದೆ.

ಲೊಸಾಲಿನೆಗೆ ಈಗ ಐವತ್ತೆಂಟು. ಇಪ್ಪತ್ತಾರು ವರ್ಷದಿಂದ ಕಾನಹೆಯ ಜೆರ್ಸಿ ತೊಳೆಯುತ್ತಿದ್ದಾಳೆ. ಮೊದಲು ತೊಳೆಯುತ್ತಿದ್ದ ಮುದುಕಿ ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೋದಾಗ, ಆಗ ಮೂರನೇ ನಂಬರಿನಲ್ಲಿ ಆಡುತ್ತಿದ್ದ ಟೆವಿಟಾ ಮನೆಗೆ ಮೂಟೆ ಹೊತ್ತು ತಂದ. "ಒಂದು ವಾರಕ್ಕೆ ಅಂದಿದ್ದ ಕಣ್ರೀ. ಒಂದೇ ವಾರ. ಆ ಮುದುಕಿ ಅಲ್ಲೇ ತೀರಿಕೊಂಡ್ಳು, ಇವನ ಮಂಡಿ ಹೋಯ್ತು, ಆಟ ಬಿಟ್ಟ. ನನ್ನ ವಾರ ಮಾತ್ರ ಇನ್ನೂ ಮುಗಿದಿಲ್ಲ," ಎಂದು ಅವಳು ನಗುತ್ತಾಳೆ. ಹೊಟ್ಟೆಪಾಡಿಗೆ ಚಾಪೆ ಹೆಣೆಯುತ್ತಾಳೆ, ದಾರಿ ಬದಿಯ ಅತಿಥಿಗೃಹದ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಕ್ಲಬ್ಬಿನ ಕೆಲಸಕ್ಕೆ ಸಂಬಳವಿಲ್ಲ. ಋತು ಮುಗಿದ ಮೇಲೆ ಒಂದು ಬುಟ್ಟಿ ಒಳ್ಳೇ ಗೆಣಸು ಬರುತ್ತದೆ, ಕೆಲವು ವರ್ಷ ಅದೂ ಮರೆತುಹೋಗುತ್ತದೆ. ಅವಳು ನೆನಪಿಸುವುದಿಲ್ಲ.

ಈ ದ್ವೀಪದ ಕೆಮ್ಮಣ್ಣಿನಲ್ಲಿ ಬಿದ್ದು ಹೊರಳುವ ಆಟಕ್ಕೆ ಬಿಳಿ ಜೆರ್ಸಿ ಆರಿಸಿದ ಪುಣ್ಯಾತ್ಮ ಯಾರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ. ಆಕ್ಲೆಂಡಿನಲ್ಲಿರುವ ಊರವರು ಚಂದಾ ಎತ್ತಿ ಕಳಿಸುತ್ತಾರೆ, ಪ್ರತಿ ಸಲವೂ ಬಿಳಿಯನ್ನೇ ಕಳಿಸುತ್ತಾರೆ. "ತೊಳೆಯೋರು ನಾವು, ಆರಿಸೋರು ಅವರು. ಅಲ್ಲಿ ಕೂತವರಿಗೆ ಮಣ್ಣಿನ ಬಣ್ಣ ಮರೆತುಹೋಗುತ್ತೆ," ಎನ್ನುತ್ತಾಳೆ ಲೊಸಾಲಿನೆ. ಇಲ್ಲಿಯ ಬಾವಿ ನೀರು ಗಡಸು, ಸೋಪು ಎಷ್ಟು ತಿಕ್ಕಿದರೂ ನೊರೆ ಬಾರದು. ಹಾಗಾಗಿ ಮಳೆನೀರಿನ ತೊಟ್ಟಿಯಿಂದ ಹನ್ನೊಂದು ಬಕೆಟ್ ಹೊರಬೇಕು. ಮೂರು ಉಂಡೆ ಸೋಪು ಸವೆಯಬೇಕು. ಮಳೆ ಬಾರದ ವರ್ಷ ಚರ್ಚಿನ ತೊಟ್ಟಿಯಿಂದ ನೀರು ತಂದು ಹಿರಿಯರ ಬಾಯಿಗೆ ಸಿಕ್ಕಿದ್ದಾಳೆ. ಚಂಡಮಾರುತ ಬಂದ ವರ್ಷ ಹಗ್ಗದ ಸಮೇತ ಹಾರಿಹೋದ ಜೆರ್ಸಿಗಳನ್ನು ಹಂದಿದೊಡ್ಡಿ, ತೆಂಗಿನ ತೋಟ, ಪಾದ್ರಿಯ ಮನೆಯ ಮಾಡು ಎಲ್ಲ ಕಡೆಯಿಂದ ಆರಿಸಿ ತಂದಿದ್ದಾಳೆ. ಸೋಪಿಗೆ ಒಡೆದು ಒಡೆದು ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಮದುವೆಯ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು.

ಬಿಳಿ ಬಿಳಿಯಾಗಿಯೇ ಉಳಿಯುವ ಗುಟ್ಟು ಮಾತ್ರ ಭಾನುವಾರದಲ್ಲಿದೆ. ಆಟ ಶನಿವಾರ. ಭಾನುವಾರ ಈ ದೇಶದಲ್ಲಿ ಯಾರೂ ಒಂದು ಕರವಸ್ತ್ರವನ್ನೂ ಒಗೆಯುವುದಿಲ್ಲ, ಹಗ್ಗದ ಮೇಲೆ ಬಟ್ಟೆ ಕಂಡರೆ ಊರೆಲ್ಲ ಗುಸುಗುಸು. ಆದ್ದರಿಂದ ಲೊಸಾಲಿನೆ ಶನಿವಾರ ಸಂಜೆ ಜೆರ್ಸಿಗಳನ್ನು ನೆನೆಹಾಕಿ ತಗಡು ಮುಚ್ಚಿಬಿಡುತ್ತಾಳೆ. ಸೋಮವಾರದ ಬೆಳಗಿನವರೆಗೆ ಮುಟ್ಟುವುದಿಲ್ಲ. ಎರಡು ರಾತ್ರಿ ನೆನೆದರೆ ಎಂಥ ಕೆಮ್ಮಣ್ಣೂ ಬಿಡುತ್ತದೆ. "ನಾನು ಚರ್ಚಲ್ಲಿ ಕೂತಿರ್ತೀನಿ, ತೊಟ್ಟಿ ಅದರ ಪಾಡಿಗೆ ಕೆಲಸ ಮಾಡ್ತಿರುತ್ತೆ. ತೊಟ್ಟಿಗೆ ಯಾವ ಪಾದ್ರಿ ಬುದ್ಧಿ ಹೇಳ್ತಾನೆ?"

ನೆನೆಹಾಕುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡುತ್ತಾಳೆ. ಒಂದೊಂದೇ ಜೆರ್ಸಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನೋಡುತ್ತಾಳೆ. ಭುಜಕ್ಕೆ ಮಣ್ಣು ಮೆತ್ತಿದ್ದರೆ ಅವನು ಎದುರಾಳಿಯನ್ನು ಹಿಡಿದು ಕೆಡವಿದವನು. ಬೆನ್ನಿಗೆ ಮೆತ್ತಿದ್ದರೆ ಕೆಡವಿಸಿಕೊಂಡವನು. ಎದೆಗೆ ಮೆತ್ತಿದ್ದರೆ ಚೆಂಡಿನ ಮೇಲೆ ಧೈರ್ಯವಾಗಿ ಬಿದ್ದವನು. ಗೆರೆಯ ಆಚೆ ನಿಂತು ಆಟ ನೋಡಿ, ಮನೆಗೆ ಬಂದು ಬಟ್ಟೆಯಲ್ಲಿ ಅದನ್ನು ಇನ್ನೊಮ್ಮೆ ಓದಿದರೇ ಅವಳಿಗೆ ಸಮಾಧಾನ. ಯಾರು ಮೈಗಳ್ಳರೆಂದು ತಿಳಿಯಲು ತರಬೇತುದಾರ ಕೂಡ ಬೇಲಿ ಪಕ್ಕ ಬಂದು ನಿಲ್ಲುವುದುಂಟು. ಅವಳ ನಾಲಿಗೆಗೆ ಹೆಚ್ಚು ಸಿಕ್ಕಿದವನು ಹತ್ತನೇ ನಂಬರಿನ ಲಿಸಿಯಾಟೆ. ಊರಿನ ಶಾಲೆಯ ಮೇಷ್ಟ್ರು. ಚೆಂಡು ಒದೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಮೈಗೆ ಮೈ ಕೊಡುವಾಗ ಮಾತ್ರ ಅವನು ಸದಾ ಒಂದು ಹೆಜ್ಜೆ ಆಚೆ ಇರುತ್ತಾನೆ. ಮೂರು ವರ್ಷದ ಹಿಂದೆ ಇಡೀ ತಂಡದ ಮುಂದೆ ಲೊಸಾಲಿನೆ ಅವನ ಜೆರ್ಸಿ ವಾಪಸ್ ಕೊಟ್ಟಿದ್ದಳು. "ಮೇಷ್ಟ್ರೇ, ಇದನ್ನ ಯಾಕೆ ತೊಳೀಬೇಕು? ಮಡಿಕೆ ಕೂಡ ಮುರಿದಿಲ್ಲ!"

ಮೊನ್ನೆ ಶನಿವಾರ ಎಲ್ಲ ಎಂದಿನಂತೆಯೇ ಇತ್ತು, ತೊಟ್ಟಿಯೊಂದನ್ನು ಬಿಟ್ಟು. ಅವಳ ತೊಟ್ಟಿ ಸೀಳಿ ನೀರು ಸೋರುತ್ತಿತ್ತು. ಪಕ್ಕದ ಮನೆಯ ಅಟೆಲೈಟೆ, ಬಾಲ್ಯದಿಂದ ಜೊತೆಗಿರುವ ಗೆಳತಿ, ತನ್ನ ದೊಡ್ಡ ತೊಟ್ಟಿಯನ್ನು ಉರುಳಿಸಿಕೊಂಡು ಬಂದಳು. ಅಟೆಲೈಟೆಯ ಅಂಗಳದಲ್ಲಿ ಊರ ಹೆಂಗಸರು ಸೇರಿ ಮದುವೆಗೂ ಮಣ್ಣಿಗೂ ಬೇಕಾಗುವ ನಾರುಮಡಿ ಮಾಡುತ್ತಾರೆ. ತೊಗಟೆಯನ್ನು ಬಡಿದು ಹಾಳೆಯಂತೆ ಮಾಡಿ, ಅದಕ್ಕೆ ಕೋಕಾ ಮರದ ಕಂದು ರಸ ಬಳಿಯುವುದು. ಒಮ್ಮೆ ಹತ್ತಿದರೆ ಜನ್ಮಕ್ಕೂ ಬಿಡದ ಬಣ್ಣ ಅದು. ಆ ರಸ ಮೂರು ವಾರ ಇದ್ದದ್ದು ಇದೇ ತೊಟ್ಟಿಯಲ್ಲಿ. "ಎರಡು ಸಲ ತೊಳೆದಿದೀನಿ ಕಣೇ," ಎಂದಿದ್ದಳು ಅಟೆಲೈಟೆ. ತೊಳೆದದ್ದು ನಿಜ. ತಳದಲ್ಲಿ ಗಟ್ಟಿಕಟ್ಟಿದ ಬೆರಳು ದಪ್ಪದ ಪದರ ಮುಸ್ಸಂಜೆಯ ಬೆಳಕಿನಲ್ಲಿ ಇಬ್ಬರಿಗೂ ಕಾಣಲಿಲ್ಲ. ಭಾನುವಾರ ಇಡೀ ದಿನ ಊರು ಪ್ರಾರ್ಥನೆ ಮಾಡಿತು, ಉಂಡಿತು, ಮಲಗಿತು. ತಗಡಿನ ಕೆಳಗೆ ಆ ಪದರ ನಿಧಾನಕ್ಕೆ ಕರಗುತ್ತಾ ಹೋಯಿತು. ಒಂದು ಗಳಿಗೆ ಮುಚ್ಚಳ ತೆಗೆದು ನೋಡಿದ್ದರೆ ಸಾಕಿತ್ತು. ಆದರೆ ಭಾನುವಾರ ಮುಚ್ಚಳ ತೆಗೆಯುವುದೂ ಕೆಲಸವೇ ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು.

ಬೆಳಗ್ಗೆ ಏಳಕ್ಕೆ ಅಟೆಲೈಟೆ ಓಡಿ ಬರುತ್ತಾಳೆ. ಎದೆ ಬಡಿದುಕೊಳ್ಳುತ್ತಾಳೆ. "ಅಯ್ಯೋ ನನ್ನ ಕೈ ಸೇದಿಹೋಗ! ನನ್ನ ಹೆಸರು ಹೇಳಿಬಿಡೇ, ನಾನೇ ಮಾಡಿದ್ದು ಅಂತ ಹೇಳು."

"ನಿನ್ನ ತೊಟ್ಟಿ ಇರಬಹುದು. ಹಾಕಿದ ಕೈ ನಂದು. ಸುಮ್ನೆ ನಿಂತ್ಕೋಬೇಡ, ನಿಂಬೆಹಣ್ಣು ಕೀಳು."

ನಿಂಬೆ ತಿಕ್ಕುತ್ತಾರೆ. ಉಪ್ಪು ತಿಕ್ಕುತ್ತಾರೆ. ಹನ್ನೊಂದರ ಜಾಗದಲ್ಲಿ ಮೂವತ್ತು ಬಕೆಟ್ ಮಳೆನೀರು ಖಾಲಿಯಾಗುತ್ತದೆ. ಟೆವಿಟಾ ಮರದ ಬುಡದಲ್ಲಿ ಮಂಡಿ ಒತ್ತಿಕೊಳ್ಳುತ್ತಾ, ಸುಣ್ಣ ಹಾಕಿ ನೋಡಿ, ಪಪಾಯಿ ಹಾಕಿ ನೋಡಿ ಎಂದು ಸಲಹೆ ಕೊಡುತ್ತಾನೆ. ನಾರುಮಡಿಗೆ ನೂರು ವರ್ಷ ನಿಲ್ಲುವ ಬಣ್ಣ ನಿಂಬೆಹಣ್ಣಿಗೆ ಹೆದರುತ್ತದೆಯೇ? ಹನ್ನೊಂದು ಗಂಟೆಗೆ ಲೊಸಾಲಿನೆ ಕೈಚೆಲ್ಲಿ, ಇಪ್ಪತ್ತೆರಡನ್ನೂ ಹಿಂಡಿ ಗಾಳಿಗೆ ಹಾಕುತ್ತಾಳೆ. ಹಗ್ಗದ ತುಂಬ ಕಂದು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ, ಏನೂ ಕೇಳದೆ ಹೋಗುತ್ತಾರೆ. ಕೇಳಿದ್ದರೇ ಚೆನ್ನಾಗಿತ್ತು ಎನಿಸುತ್ತದೆ ಅವಳಿಗೆ.

ಅವಳ ಹೆದರಿಕೆ ಸೋಲಿನದಲ್ಲ. ಸೋಲು ಅವಳಿಗೆ ಅಭ್ಯಾಸವಾಗಿದೆ, ಎಲ್ಲ ಸೋಲನ್ನೂ ಅವಳೇ ತೊಳೆದು ಒಣಗಿಸಿದ್ದಾಳೆ. ಕ್ಲಬ್ಬಿನ ಅಧ್ಯಕ್ಷ ಮುದುಕ ಮಾಫಿಲೆಯೋ ಈ ವರ್ಷ ಎರಡು ಸಲ, ಪಟ್ಟಣದಲ್ಲಿ ಯಂತ್ರದ ಲಾಂಡ್ರಿ ಬಂದಿದೆ, ಅಲ್ಲಿಗೇ ಕೊಟ್ಟರೆ ಹೇಗೆ ಎಂದು ಮಾತು ತೆಗೆದಿದ್ದ. ನಾಯಕ ಕಿಟಿಯೋನೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಇವತ್ತಿನ ಮೇಲೆ ಆ ಮಾತಿಗೆ ಯಾರು ಅಡ್ಡ ಬರುತ್ತಾರೆ? ಮುಂದಿನ ಶನಿವಾರದಿಂದ ಮೂಟೆ ಈ ಬೇಲಿ ದಾಟಿ ಬರುವುದಿಲ್ಲ. "ಆಗ ನಾನು ಯಾರು ಹೇಳು," ಎಂದು ಅಟೆಲೈಟೆಯನ್ನು ಕೇಳುತ್ತಾಳೆ. "ಬರೀ ಟೆವಿಟಾನ ಹೆಂಡತಿ. ಅದೇನು ದೊಡ್ಡ ಪದವಿಯಾ?"

ಹನ್ನೆರಡೂವರೆಗೆ ಕಿಟಿಯೋನೆ ಜೆರ್ಸಿ ಒಯ್ಯಲು ಬರುತ್ತಾನೆ. ಗೆಣಸು ಬೆಳೆಯುವವನು, ಬಾಗಿಲು ತುಂಬುವ ಆಳು, ಮಾತು ಕಮ್ಮಿ. ಲೊಸಾಲಿನೆ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ಟೆವಿಟಾ ಇನ್ನೂ ತೇವವಾಗಿರುವ ಮೂಟೆಯನ್ನು ಕೊಟ್ಟು ನಡೆದದ್ದನ್ನು ಹೇಳುತ್ತಾನೆ. ಕಿಟಿಯೋನೆ ಮೂಟೆಯ ಬಾಯಿ ಬಿಚ್ಚಿ ನೋಡುತ್ತಾನೆ. ಮುಚ್ಚುತ್ತಾನೆ. ಹೆಗಲಿಗೆ ಹಾಕಿಕೊಂಡು ಹೊರಟೇ ಬಿಡುತ್ತಾನೆ. ಬೈದಿದ್ದರೆ ಅವಳಿಗೆ ಅರ್ಧ ನೋವು ಕಮ್ಮಿಯಾಗುತ್ತಿತ್ತು.

ಅವನ ಬೆನ್ನು ಮರೆಯಾದ ಮೇಲೆ ಅವಳು ಪೆಟ್ಟಿಗೆಯಿಂದ ತೀರಾ ಹಳೆಯ, ಹರಿದು ಚಿಂದಿಯಾದ ಚಾಪೆಯೊಂದನ್ನು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುತ್ತಾಳೆ. ಬೇಲಿಯಂಚಿನ ಇಫಿ ಮರದ ಎಲೆ ಕಿತ್ತು ಸರ ಮಾಡಿ ಕೊರಳಿಗೆ ಹಾಕುತ್ತಾಳೆ. ತಪ್ಪಾಯಿತು ಎಂದು ಬಾಯಲ್ಲಿ ಹೇಳಿದರೆ ಸಾಲದ ತಪ್ಪುಗಳಿಗೆ ಇಲ್ಲಿಯವರು ಮಾಡುವುದು ಹೀಗೆ. ತಪ್ಪು ಮಾಡಿದವರು ನೆಲದ ಮೇಲೆ ತಲೆ ತಗ್ಗಿಸಿ ಕೂರಬೇಕು. ನೊಂದವರು ಬಂದು ಎಲೆಯ ಸರ ತೆಗೆಯುವವರೆಗೆ ತಲೆ ಎತ್ತುವ ಹಾಗಿಲ್ಲ.

ಟೆವಿಟಾ ಗಾಬರಿಯಾಗುತ್ತಾನೆ. "ನಿಂಗೇನು ತಲೆ ಕೆಟ್ಟಿದೆಯಾ? ಬಟ್ಟೆ ಬಣ್ಣಕ್ಕೆ ಇಫಿ ಎಲೆನಾ? ಜೀವ ಹೋದಾಗ ಹಾಕೋದು ಅದನ್ನ!"

"ನೀನು ಮಂಡಿ ಒತ್ಕೊಂಡು ಕೂತಿರು. ಇಪ್ಪತ್ತಾರು ವರ್ಷದಲ್ಲಿ ನಾನು ನನ್ನದು ಅಂತ ಮಾಡಿದ್ದು ಈ ಜೆರ್ಸಿ ತೊಳೆಯೋದೊಂದೇ."

ಎಲೆ ಪೋಣಿಸುವಷ್ಟರಲ್ಲಿ ತಡವಾಗುತ್ತದೆ. ಅವಳೂ ಅಟೆಲೈಟೆಯೂ ಮೈದಾನಕ್ಕೆ ಮುಟ್ಟುವಾಗ ತಂಡ ಒಳಗೆ ಇಳಿದಿದೆ. ಫಾಂಗಾಲೆಯ ವ್ಯವಸ್ಥಾಪಕ ಇವರದು ನೋಂದಾಯಿಸಿದ ಬಣ್ಣವಲ್ಲ ಎಂದು ಕೈಬೀಸಿ ಕೂಗಾಡುತ್ತಿದ್ದಾನೆ. ರೆಫರಿ ಅವನನ್ನು ಮೇಲಿಂದ ಕೆಳಗೆ ನೋಡುತ್ತಾನೆ. "ನಿಮ್ಮದು ಕಪ್ಪು. ಇವರದು ಕಪ್ಪಲ್ಲ. ಸಾಕಲ್ವಾ?" ಎಂದು ಸೀಟಿ ಊದುತ್ತಾನೆ. ಆ ಸೀಟಿಗೆ ಸರಿಯಾಗಿ ಲೊಸಾಲಿನೆ ಗೆರೆಯಿಂದ ಎರಡು ಮಾರು ಆಚೆ ನೆಲಕ್ಕೆ ಕೂತು ತಲೆ ತಗ್ಗಿಸುತ್ತಾಳೆ.

ಇಪ್ಪತ್ತಾರು ವರ್ಷದಲ್ಲಿ ಕಾನಹೆಯ ಒಂದು ಆಟವನ್ನೂ ತಪ್ಪಿಸದವಳು ಊರಿನ ಅತಿ ದೊಡ್ಡ ಆಟಕ್ಕೆ ನೆಲ ನೋಡುತ್ತಾ ಕೂತಿದ್ದಾಳೆ. ಅವಳ ಕಣ್ಣಿಗೆ ಕಾಣುವುದು ಒಂದು ಗೇಣು ಹುಲ್ಲು, ನಾಲ್ಕು ಇರುವೆ. ಕಿವಿಗೆ ಮಾತ್ರ ಎಲ್ಲವೂ ಬೀಳುತ್ತದೆ.

"ನಾರುಮಡಿ ಸುತ್ಕೊಂಡು ಬಂದವ್ರೆ ನೋಡ್ರೋ!" ಎಂದು ಆ ಕಡೆಯಿಂದ ಫಾಂಗಾಲೆಯ ಹೆಂಗಸರು ಕಿರುಚುತ್ತಾರೆ. "ಮದುವೆಗೋ, ಮಣ್ಣಿಗೋ?"

"ನಿಮ್ಮನ್ನ ಮಣ್ಣು ಮಾಡೋಕೆ ಕಣ್ರೇ!" ಎಂದು ಅಟೆಲೈಟೆ ಎದ್ದು ನಿಂತು ಉತ್ತರ ಕೊಟ್ಟು, ಮತ್ತೆ ಗೆಳತಿಯ ಪಕ್ಕ ಕೂತು ಆಟ ಒಪ್ಪಿಸತೊಡಗುತ್ತಾಳೆ. "ಈಗ ನಮ್ಮೋರ ಹತ್ರ ಚೆಂಡಿದೆ. ಹೋಗ್ತಿದಾರೆ, ಹೋಗ್ತಿದಾರೆ... ಥೂ, ಬಿಟ್ಟ! ಯಾರ ಮಗನೋ ಅವನು, ಕೈಗೆ ಬೆಣ್ಣೆ ಹಚ್ಕೊಂಡಿದಾನೆ."

"ನಂಬರ್ ಹೇಳೇ, ನಂಬರ್."

"ನಂಬರ್ ಎಲ್ಲಿ ಕಾಣುತ್ತೆ, ಎಲ್ಲಾ ಒಂದೇ ಬಣ್ಣ ಮಾಡಿಟ್ಟಿದೀಯಲ್ಲ!" ಎಂದುಬಿಟ್ಟು ಅಟೆಲೈಟೆ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತಾಳೆ. ತಗ್ಗಿಸಿದ ತಲೆಯ ಕೆಳಗಿನಿಂದ ಗೊಳ್ಳೆಂದು ನಗು ಕೇಳುತ್ತದೆ. ಆ ದಿನದಲ್ಲಿ ಲೊಸಾಲಿನೆ ನಕ್ಕದ್ದು ಅದೇ ಮೊದಲು.

ವಿರಾಮಕ್ಕೆ ಫಾಂಗಾಲೆ ಹನ್ನೆರಡು, ಕಾನಹೆ ಏಳು. ತಂಡ ಆಚೆ ಬದಿಯಲ್ಲಿ ಸುತ್ತುಗಟ್ಟಿ ನಿಲ್ಲುತ್ತದೆ, ಈ ಕಡೆಗೆ ಯಾರೂ ಬರುವುದಿಲ್ಲ. ಕುತ್ತಿಗೆ ನೋವಿಗೆ ಅವಳ ಕಣ್ಣಲ್ಲಿ ನೀರು. ನೋವಿಗೊಂದಕ್ಕೇ ಅಲ್ಲ. ಅಟೆಲೈಟೆ ಬೆನ್ನು ನೀವುತ್ತಾಳೆ, ಎಳನೀರು ಬಾಯಿಗೆ ಹಿಡಿಯುತ್ತಾಳೆ. ಎರಡನೇ ಅರ್ಧದಲ್ಲಿ ಲಿಸಿಯಾಟೆ ಮೇಷ್ಟ್ರು ಒಂದು ಪೆನಾಲ್ಟಿ ಒದೆಯುತ್ತಾನೆ, ಇನ್ನೊಂದು ಒದೆಯುತ್ತಾನೆ. ಹದಿಮೂರು, ಹನ್ನೆರಡು. ಊರು ಕುಣಿಯುತ್ತದೆ. ಇನ್ನು ಅರ್ಧ ನಿಮಿಷ ಉಳಿದಿರುವಾಗ ಕುಣಿತ ನಿಲ್ಲುತ್ತದೆ.

"ಅಯ್ಯೋ, ಆ ದೈತ್ಯನ ಕೈಗೆ ಚೆಂಡು ಹೋಯ್ತು. ಫಾಂಗಾಲೆದು, ಎಂಟನೇ ನಂಬರ್. ಒಬ್ಬನ್ನ ಒದರಿಬಿಟ್ಟ. ಕಿಟಿಯೋನೆನೂ ಬಿದ್ದ. ಮುಂದೆ ಯಾರೂ ಇಲ್ಲ ಕಣೇ, ಒಬ್ಬನೇ ಒಬ್ಬ..." ಅಲ್ಲಿಗೆ ಅಟೆಲೈಟೆಯ ಮಾತು ನಿಂತುಹೋಗುತ್ತದೆ. ನೆಲಕ್ಕೆ ಚೀಲ ಎತ್ತಿ ಹಾಕಿದಂಥ ಸದ್ದು. ಆಮೇಲೆ ಇಡೀ ವೈಲೋಟು ಒಂದೇ ಗಂಟಲಿನಲ್ಲಿ ಕಿರುಚಿದ ಸದ್ದು. ಆಮೇಲೆ ಉದ್ದನೆಯ ಸೀಟಿ.

"ಏನಾಯ್ತೇ? ಯಾರು ಹಿಡಿದ್ರು?"

"ಗೊತ್ತಿಲ್ಲ ಮಾರಾಯ್ತಿ! ನಾನು ಕಣ್ಣು ಮುಚ್ಕೊಂಡಿದ್ದೆ!"

ಜನ ಒಳಗೆ ನುಗ್ಗುತ್ತಾರೆ. ಲೊಸಾಲಿನೆ ಮಾತ್ರ ಅಲುಗುವುದಿಲ್ಲ. ಗೆದ್ದ ಗದ್ದಲದಲ್ಲಿ ತನ್ನನ್ನು ಮರೆತೇ ಹೋಗುತ್ತಾರೇನೋ ಎಂದು ಅವಳಿಗೆ ದಿಗಿಲಾಗುತ್ತದೆ. ಆಗ ಕಣ್ಣೆದುರಿನ ಒಂದು ಗೇಣು ಹುಲ್ಲಿನ ಮೇಲೆ ಮಣ್ಣು ಮೆತ್ತಿದ ಎರಡು ದೊಡ್ಡ ಬೂಟುಗಳು ಬಂದು ನಿಲ್ಲುತ್ತವೆ. ಕೊರಳಿನ ಎಲೆಗಳು ಮೇಲೇಳುತ್ತವೆ.

"ತಲೆ ಎತ್ತಕ್ಕಾ," ಎನ್ನುತ್ತಾನೆ ಕಿಟಿಯೋನೆ. ಎಲೆಯ ಸರವನ್ನು ಪಕ್ಕಕ್ಕಿಡುತ್ತಾನೆ. "ಮನೆ ಹತ್ರ ಬಂದಾಗ ಮಾತಾಡಿಸ್ಲಿಲ್ಲ. ಮಾತಾಡಿದ್ರೆ ನೀನು ಅಳ್ತಿದ್ದೆ, ನಾನೂ ಅಳ್ತಿದ್ದೆ. ಆಮೇಲೆ ಆಡೋದು ಹೆಂಗೆ?" ಹಾಗೆಂದವನು ಜೆರ್ಸಿಯನ್ನು ತಲೆಯ ಮೇಲಿಂದ ಕಿತ್ತು ಅವಳ ಮಡಿಲಿಗೆ ಹಾಕುತ್ತಾನೆ. "ಭಾನುವಾರ ಎಲ್ಲರೂ ಇದನ್ನೇ ಹಾಕ್ಕೊಂಡು ಚರ್ಚಿಗೆ ಹೋಗ್ತೀವಿ. ಅಷ್ಟರಲ್ಲಿ ತೊಳೆದಿಡು."

ಮಾಫಿಲೆಯೋ ಕೋಲೂರಿಕೊಂಡು ಬರುತ್ತಾನೆ. "ಆ ಪಟ್ಟಣದ ಲಾಂಡ್ರಿ ವಿಚಾರ..."

"ಯಾವ ಲಾಂಡ್ರಿ?" ಎನ್ನುತ್ತಾನೆ ಕಿಟಿಯೋನೆ. ಮುದುಕ ಆಕಾಶ ನೋಡುತ್ತಾ, ಮಳೆ ಬರುವ ಹಾಗಿದೆ ಎಂದು ಮುಂದೆ ಹೋಗುತ್ತಾನೆ.

ಒಬ್ಬೊಬ್ಬರೇ ಬಂದು ಮಡಿಲಿಗೆ ಜೆರ್ಸಿ ಹಾಕುತ್ತಾರೆ. ಅವಳು ಒಂದೊಂದನ್ನೂ ಅಗಲಿಸಿ ಹಿಡಿದು, ನೋಡದ ಆಟವನ್ನು ನೋಡತೊಡಗುತ್ತಾಳೆ. ಕಂದು ಬಣ್ಣದ ಮೇಲೂ ಕೆಮ್ಮಣ್ಣು ಕಾಣುತ್ತದೆ. ಒಂದನೇ ನಂಬರಿನ ಎದೆ ತುಂಬ ಮಣ್ಣು. ಏಳರ ಎರಡೂ ಭುಜ. ಹದಿನಾಲ್ಕರ ಬೆನ್ನು, ಪಾಪ. ಎಲ್ಲರ ಹಿಂದೆ ಲಿಸಿಯಾಟೆ ಮೇಷ್ಟ್ರು ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು ಜೆರ್ಸಿ ಕೊಡುತ್ತಾನೆ. ಅದರ ಬಲಭುಜದ ಹೊಲಿಗೆ ಬಿಟ್ಟಿದೆ. ಭುಜದಿಂದ ಸೊಂಟದವರೆಗೆ ಅಂಗೈ ಅಗಲ ಕೆಮ್ಮಣ್ಣು, ಅದರೊಳಗೆ ಬೇರು ಸಮೇತ ಕಿತ್ತು ಬಂದ ಹುಲ್ಲು.

ಲೊಸಾಲಿನೆ ಜೆರ್ಸಿ ನೋಡುತ್ತಾಳೆ. ಮೇಷ್ಟ್ರ ಮುಖ ನೋಡುತ್ತಾಳೆ. "ಇದು ನಿಮ್ದೇನಾ?"

"ಹೂಂ ಅಕ್ಕ."

"ಆ ದೈತ್ಯನ್ನ?"

"ಹೂಂ. ಭುಜ ನೋಯ್ತಿದೆ."

"ನೋಯ್ಲಿ ಬಿಡಿ ಮೇಷ್ಟ್ರೇ," ಎಂದವಳು ಅಲ್ಲೇ ಎಲ್ಲರೆದುರು ಜೆರ್ಸಿಗೆ ಮುಖ ಒತ್ತಿ ಅಳುತ್ತಾಳೆ.

ಬುಧವಾರ ಬೆಳಗಿನ ಜಾವ ಮತ್ತದೇ ಹಿತ್ತಲು. ಎರಡು ರಾತ್ರಿ ನೆನೆದ ಜೆರ್ಸಿಗಳನ್ನು ಲೊಸಾಲಿನೆ ಒಂದೊಂದಾಗಿ ಎತ್ತಿ ತಿಕ್ಕುತ್ತಿದ್ದಾಳೆ. ಮಣ್ಣು ಹೋಗಿದೆ, ಕಂದು ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಕ್ಲಬ್ಬಿನಿಂದ ಏನಾದರೂ ಬೇಕೇ ಎಂದು ಕೇಳಿದರೆ ತಿಕ್ಕುವುದನ್ನು ನಿಲ್ಲಿಸದೆ ಹೇಳುತ್ತಾಳೆ. "ಒಂದು ತೊಟ್ಟಿ. ಜೆರ್ಸಿಗೆ ಅಂತಲೇ ಬೇರೆ. ಅಟೆಲೈಟೆ ಕೈಗೆ ಸಿಗದ ಹಾಗೆ ಇಟ್ಕೋತೀನಿ." ಬೇಲಿಯ ಆಚೆಯಿಂದ ಅಟೆಲೈಟೆ ಏನೋ ಬೈಯುತ್ತಾಳೆ.

ಬೆಳಕು ಹರಿಯುವಾಗ ಹಗ್ಗದ ಮೇಲೆ ಇಪ್ಪತ್ತೊಂದು ಜೆರ್ಸಿಗಳು ಗಾಳಿಗೆ ಆಡುತ್ತಿವೆ. ಇನ್ನೊಂದು ಅಡುಗೆಮನೆಯ ಗೋಡೆಯ ಮೊಳೆಗೆ ನೇತಾಡುತ್ತಿದೆ. ಬಲಭುಜದ ಹೊಲಿಗೆ ಬಿಟ್ಟಿದೆ, ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿದೆ, ಸೋಪು ಮುಟ್ಟಿಲ್ಲ.

"ಅದನ್ನ ಮರೆತ್ಯೇನೇ?" ಎಂದು ಟೆವಿಟಾ ಕೇಳುತ್ತಾನೆ.

"ಮರೆತಿಲ್ಲ. ಭಾನುವಾರಕ್ಕೆ ಇನ್ನೂ ದಿನ ಇದೆ. ಊರವರೆಲ್ಲ ಆಟ ನೋಡಿದ್ರು, ನಾನು ನೋಡಿಲ್ಲ. ಇವತ್ತೊಂದು ದಿನ ಅಲ್ಲೇ ಇರಲಿ, ನೋಡ್ಕೊಂತೀನಿ."